ತೂಕ ಇಳಿಸೋ ಆಪರೇಷನ್ ಆದ್ಮ್ಯಾಲ ರಾತ್ರಿ ಹ್ಯಾಂಗ ಮಲಗಿಸಬೇಕ್ರಿ?

ಪ್ರಶ್ನೆ: ಬ್ರಹ್ಮಪುರ ಓಣಿ, ಕಲಬುರಗಿ

ನಮಸ್ಕಾರ್ರಿ ಎಲ್ಲಾರಿಗೂ. ನಮ್ಮ ವೈನಿಗೆ ಲ್ಯಾಪ್ರೋಸ್ಕೋಪಿಯಿಂದ (ಸಣ್ಣ ತೂತಿನ ಆಪರೇಷನ್) ಸ್ಲೀವ್ ಗ್ಯಾಸ್ಟ್ರೆಕ್ಟಮಿ, ಅಂದ್ರ ಜಠರದ ಭಾಳ ಭಾಗ ಕತ್ತರಿಸಿ ತಗಿಯೋದು, ಆಗಿ ಇವತ್ತಿಗೆ ಮೂರು ದಿನ. ನಿನ್ನೆ ಸಂಜಿಗೆ ಮನಿಗೆ ಕರ್ಕೊಂಡು ಬಂದೀವಿ. ಹೊಟ್ಟಿ ಮ್ಯಾಲ ಐದು ಸಣ್ಣ ಗಾಯ ಅವ. ಹಗಲೊತ್ತು ಆರಾಮ ಅದಾರ, ಅಡ್ಡಾಡ್ತಾರ. ರಾತ್ರಿ ಮಲಗಿದ್ರ ಮಾತ್ರ ಬಲಭುಜ ನೋಯ್ತದ, ಗಂಟಲಿಗೆ ಹುಳಿನೀರು ಬರ್ತದ, ಮಗ್ಗಲಾಗಲಿಕ್ಕ ಹೆದರ್ತಾರ. ಮೊದಲಿಂದ ಬೋರಲು ಮಲಗೋ ರೂಢಿ. ನಾಲ್ಕು ದಿಂಬು ಒಂದರ ಮ್ಯಾಲೊಂದು ಇಟ್ರ ಕುತ್ತಿಗಿ ಹಿಡೀತದ ಅಂತಾರ. ಮನ್ಯಾಗ ಹೊರಸು ಅದ, ನೆಲದ ಮ್ಯಾಲ ಗಾದಿನೂ ಹಾಕಬಹುದು. ನಿದ್ದ್ಯಾಗ ಉಸಿರು ಕಟ್ತದ ಅಂತ ಮೊದಲು ಸಿಪ್ಯಾಪ್ ಮಷಿನ್ (ಮಾಸ್ಕಿನಿಂದ ಒತ್ತಡದ ಗಾಳಿ ಕೊಡೋದು) ಹಾಕ್ತಿದ್ರು. ಈಗ ಅದನ್ನ ಹಾಕಬಹುದೋ ಬ್ಯಾಡೋ? ಗೊತ್ತಿದ್ದವರು ಬಿಡಿಸಿ ಹೇಳ್ರಿ.

ಉತ್ತರ: ಫಿಜಿಯೋ, ಬೀದರ್

ಮೊದಲು ಆ ನಾಲ್ಕು ದಿಂಬು ತಗೀರಿ. ಮೆತ್ತನ ದಿಂಬು ಪೇರಿಸಿದ್ರ ಕುತ್ತಿಗಿ ಬಾಗ್ತದ, ಹೊಟ್ಟಿ ಮಡಚ್ತದ. ಸ್ಲೀವ್ ಆದ ಜಠರ ಈಗ ಸಪೂರ ಕೊಳವಿ. ಅದರಾಗ ಮೊದಲ ಒತ್ತಡ ಹೆಚ್ಚು, ಮಡಚಿದ್ರ ಇನ್ನೂ ಏರಿ ಹುಳಿ ಗಂಟಲಿಗೆ ಬರ್ತದ. ಏರು ಕುತ್ತಿಗಿಯಿಂದ ಅಲ್ಲ, ಸೊಂಟದಿಂದ ಶುರು ಆಗಬೇಕು. ಸೊಂಟದಿಂದ ತಲಿ ತನಕ ಒಂದೇ ಇಳಿಜಾರು, 30ರಿಂದ 45 ಡಿಗ್ರಿ.

ಮೆಡಿಕಲ್ ಸಾಮಾನಿನ ಅಂಗಡ್ಯಾಗ ತ್ರಿಕೋನದ ಫೋಮ್ ದಿಂಬು ಇಲ್ಲಾ ಕಬ್ಬಿಣದ ಬ್ಯಾಕ್‌ರೆಸ್ಟ್ ಸಿಗ್ತದ. ಸಿಗದಿದ್ರ ಪ್ಲಾಸ್ಟಿಕ್ ಖುರ್ಚಿ ಮಂಚದ ಮ್ಯಾಲ ಬೋರಲು ಹಾಕಿ, ಅದರ ಬೆನ್ನು ಇಳಿಜಾರು ಆಗೋ ಹಾಂಗ ಗ್ವಾಡಿಗೆ ಒತ್ತಿ ಇಟ್ಟು, ಮ್ಯಾಲ ಎರಡು ಕೌದಿ ಮಡಚಿ ಹಾಸ್ರಿ. ಖುರ್ಚಿ ಅಲುಗಾಡಬಾರದು. ಟೇಪ್ ಹಿಡಿದು ನೋಡ್ರಿ: ಇಳಿಜಾರು 24 ಇಂಚು ಉದ್ದ, ತಲಿ ಕಡೆ 12 ಇಂಚು ಎತ್ತರ ಇದ್ರ 30 ಡಿಗ್ರಿ, 17 ಇಂಚು ಇದ್ರ 45. ಮಂಚದ ಕಾಲಿಗೆ ಇಟ್ಟಂಗಿ ಕೊಡೋದು ಈ ವಾರಕ್ಕ ಸಾಲಂಗಿಲ್ಲ. ಆರಡಿ ಮಂಚಕ್ಕ 6 ಇಂಚು ಏರಿಸಿದ್ರ ಬರೋದು 5 ಡಿಗ್ರಿ ಮಾತ್ರ.

ಇಳಿಜಾರಿನ್ಯಾಗ ನಿದ್ದಿ ಹತ್ತಿದ ಮ್ಯಾಲ ಮೈ ಕೆಳಗ ಜಾರ್ತದ. ತೊಡಿ ಕೆಳಗ ಚಾದರ ಸುತ್ತಿ ಇಡ್ರಿ, ಜಾರೋದು ನಿಲ್ತದ, ಹೊಟ್ಟಿ ಬಿಗಿನೂ ಸಡಲ ಆಗ್ತದ. ಆದ್ರ ಮೊಣಕಾಲಿನ ಹಿಂದ, ಕುಳಿ ಇದ್ದಲ್ಲಿ, ಗಟ್ಟಿ ಒತ್ತು ಬೀಳಬಾರದು. ರಕ್ತ ನಿಂತು ಹೆಪ್ಪುಗಟ್ಟೋ ಅಪಾಯ ಈ ಆಪರೇಷನ್ ಆದವರಿಗೆ ಮೊದಲ ಹೆಚ್ಚು. ಎಚ್ಚರ ಇದ್ದಾಗ ತಾಸಿಗೊಮ್ಮೆ ಹತ್ತು ಸಲ ಪಾದ ಮ್ಯಾಲ ಕೆಳಗ ಮಾಡಸ್ರಿ.

ಹೊರಸು ಬ್ಯಾಡ. ನುಲಿ ನಡುವ ಜಗ್ಗಿ ಸೊಂಟ ಕೆಳಗಿಳೀತದ, ಹೊಟ್ಟಿ ಮತ್ತ ಮಡಚ್ತದ. ಬ್ಯಾರೆ ದಾರಿ ಇಲ್ಲಾಂದ್ರ ಮ್ಯಾಲ ಪ್ಲೈವುಡ್ ಹಾಕಿ ಗಾದಿ ಹಾಸ್ರಿ. ನೆಲದ ಗಾದಿನೂ ಮೊದಲ ಎರಡು ಮೂರು ವಾರ ಬ್ಯಾಡ. ಮಲಗೋದು ಕಷ್ಟ ಅಲ್ಲ, ಏಳೋದು ಕಷ್ಟ. ಮೊಣಕಾಲೆತ್ತರದ ಮಂಚ, ಅಂದ್ರ ಸುಮಾರು 18 ಇಂಚು, ಛಲೋ.

ಏಳೋ ಕ್ರಮ ಇಲ್ಲೇ ಕಲಿಸ್ರಿ, ರಾತ್ರಿ ಹೆದರಿಕಿ ಅರ್ಧ ಕಮ್ಮಿ ಆಗ್ತದ. ಎರಡೂ ಮೊಣಕಾಲು ಮಡಚೋದು. ಭುಜ, ಸೊಂಟ, ಮೊಣಕಾಲು ಮೂರೂ ಒಂದೇ ಸಲ ಮಗ್ಗಲಿಗೆ ಹೊರಳಬೇಕು, ಮರದ ದಿಮ್ಮಿ ಉರುಳಿದ ಹಾಂಗ. ಕಾಲು ಮಂಚದಿಂದ ಕೆಳಗ ಬಿಟ್ಟು, ಕೆಳಗಿನ ಮೊಣಕೈ ಊರಿ, ಮ್ಯಾಲಿನ ಅಂಗೈಲಿ ಒತ್ತಿ ಏಳೋದು. ಎದ್ದು ಒಂದು ನಿಮಿಷ ಕೂತೇ ಇರ್ರಿ, ತಲಿ ತಿರುಗ್ತದ. ಕೆಮ್ಮು ಬಂದ್ರ ಸಣ್ಣ ದಿಂಬು ಹೊಟ್ಟಿಗೆ ಅವಚಿ ಹಿಡಿದು ಕೆಮ್ಮಬೇಕು.

ಮಗ್ಗಲಾದ್ರ ಒಳಗಿನ ಹೊಲಿಗಿ ಬಿಚ್ಚಂಗಿಲ್ಲ. ನೋವು ಒಪ್ಪಿದ ದಿನದಿಂದ ಎಡಮಗ್ಗಲು ಮಲಗಲಿ, ಮೊಣಕಾಲಿನ ನಡುವ ಒಂದು ದಿಂಬು, ಹೊಟ್ಟಿಗೆ ಆನಿಸಿ ಒಂದು. ಬೋರಲು ಮಾತ್ರ ನಾಲ್ಕರಿಂದ ಆರು ವಾರ ಬ್ಯಾಡ. ಮುಂದ ಸರ್ಜನ್ ಹೂಂ ಅಂದ ಮ್ಯಾಲ. ಇನ್ನೊಂದು, ಭಾಳ ಮಂದಿ ಗಮನಿಸಂಗಿಲ್ಲ: ಪೆಟಿಕೋಟಿನ ಲಾಡಿ ಸರಿಯಾಗಿ ಹೊಕ್ಕಳ ಸುತ್ತಿನ ಗಾಯದ ಮ್ಯಾಲ ಬಂದು ಕೂಡ್ತದ. ರಾತ್ರಿ ಸಡಲ ನೈಟಿ ಸಾಕು.

ಬ್ರಹ್ಮಪುರ ಓಣಿ

ಭಾಳ ಉಪಕಾರ ಆಯ್ತ್ರಿ. ಭುಜದ ನೋವಿಗೆ ಮನ್ಯಾಗ ಡೈಕ್ಲೋಫೆನಾಕ್ ಮಾತ್ರಿ ಅವ, ಕೊಡಬಹುದಾ?

ಉತ್ತರ: ಸರ್ಜಿಕಲ್ ವಾರ್ಡ್ ನರ್ಸ್

ಬೇಡ, ದಯವಿಟ್ಟು ಕೊಡಬೇಡಿ. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೇನ್ ಇವೆಲ್ಲ ಜಠರದ ಒಳಪದರ ಕೊರೆದು ಹುಣ್ಣು ಮಾಡುತ್ತವೆ. ಗ್ಯಾಸ್ಟ್ರಿಕ್ ಬೈಪಾಸ್ (ತೂಕ ಇಳಿಸುವ ಇನ್ನೊಂದು ಆಪರೇಷನ್, ಹೃದಯದ್ದಲ್ಲ) ಆದವರಿಗಂತೂ ಇನ್ನೂ ಅಪಾಯ. ಪ್ಯಾರಾಸಿಟಮಾಲ್ ಜೊತೆ ಇವುಗಳಲ್ಲೊಂದು ಸೇರಿದ ಮಾತ್ರೆಗಳೂ ಅಂಗಡಿಯಲ್ಲಿ ಸಿಗುತ್ತವೆ, ಆದ್ದರಿಂದ ಸ್ಟ್ರಿಪ್ಪಿನ ಹಿಂದಿನ ಸಣ್ಣ ಅಕ್ಷರ ಓದಿ. ಡಿಸ್ಚಾರ್ಜ್ ಚೀಟಿಯಲ್ಲಿ ಬರೆದ ನೋವಿನ ಔಷಧಿಯನ್ನೇ ಬರೆದ ಹೊತ್ತಿಗೆ ಕೊಡಿ. ಮಲಗುವ ಅರ್ಧ ಗಂಟೆ ಮೊದಲಿನ ಡೋಸ್ ತಪ್ಪಿಸಬೇಡಿ. ನಿದ್ದೆ ಮಾತ್ರೆ ಮನೆಯಿಂದ ಕೊಡಲೇಬಾರದು, ಉಸಿರು ಕಟ್ಟುವ ಕಾಯಿಲೆ ಇದ್ದವರಿಗೆ ಅದು ಉಸಿರನ್ನೇ ನಿಧಾನ ಮಾಡುತ್ತದೆ.

ಭುಜದ ನೋವು ಭುಜದ್ದಲ್ಲ. ಆಪರೇಷನ್ ವೇಳೆ ಹೊಟ್ಟೆ ಉಬ್ಬಿಸಲು ಇಂಗಾಲದ ಡೈಆಕ್ಸೈಡ್ ತುಂಬುತ್ತಾರೆ. ಉಳಿದ ಗಾಳಿ ವಪೆಯನ್ನು (ಎದೆ ಮತ್ತು ಹೊಟ್ಟೆ ನಡುವಿನ ಸ್ನಾಯುವಿನ ಪರದೆ) ಕೆರಳಿಸುತ್ತದೆ. ವಪೆಯ ನರ ಹೊರಡುವುದು ಕುತ್ತಿಗೆಯಿಂದ, ಹಾಗಾಗಿ ನೋವು ಭುಜದಲ್ಲಿ ಕಾಣುತ್ತದೆ. ಮಲಗುವ ಮುನ್ನ ಮನೆಯೊಳಗೇ ಹತ್ತು ನಿಮಿಷ ನಡೆಸಿ, ಭುಜಕ್ಕೆ ಬೆಚ್ಚನೆ ಬಟ್ಟೆ ಇಡಿ. ಹೊಟ್ಟೆಯ ಗಾಯದ ಮೇಲೆ ಶಾಖ ಬೇಡ. ದಿನದಿಂದ ದಿನಕ್ಕೆ ಇದು ಕಮ್ಮಿಯಾಗಬೇಕು.

ಕಮ್ಮಿಯಾಗದೆ ಹೆಚ್ಚಿದರೆ, ಅದರಲ್ಲೂ ಎಡಭುಜದಲ್ಲಿ ಹೆಚ್ಚಿದರೆ, ಜಠರದ ಹೊಲಿಗೆಯಿಂದ ಸೋರಿಕೆಯ ಸಂಶಯ ಪಡಬೇಕು. ಸುಮ್ಮನೆ ಮಲಗಿದ್ದಾಗ ನಾಡಿ 120 ದಾಟುವುದು, ಜ್ವರ 101 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟುವುದು, ಏದುಸಿರು, ಎದೆನೋವು, ನಿಲ್ಲದ ವಾಂತಿ, ಒಂದೇ ಮೀನಖಂಡ ಊದಿಕೊಂಡು ನೋಯುವುದು: ಇದರಲ್ಲಿ ಒಂದು ಕಂಡರೂ ಬೆಳಗಾಗುವ ತನಕ ಕಾಯದೆ, ಆಪರೇಷನ್ ಮಾಡಿದ ತಂಡಕ್ಕೆ ಫೋನ್ ಮಾಡಿ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ. ಜ್ವರ ಬರುವ ಮೊದಲೇ ನಾಡಿ ಏರುವುದುಂಟು, ಆದ್ದರಿಂದ ಮಲಗುವ ಮುನ್ನ ಒಂದು ಸಲ ಎಣಿಸಿ ಬರೆದಿಡಿ.

ಹುಳಿಗೆ ಕೊಟ್ಟ ಪ್ಯಾಂಟೊಪ್ರಜೋಲ್ ಮಾತ್ರೆಯನ್ನು ಪುಡಿ ಮಾಡಬೇಡಿ. ಅದರ ಹೊರಪದರ ಒಡೆದರೆ ಔಷಧಿ ಜಠರದ ಆಮ್ಲದಲ್ಲೇ ಹಾಳಾಗುತ್ತದೆ. ನುಂಗಲು ಆಗದಿದ್ದರೆ ಬೇರೆ ರೂಪದಲ್ಲಿ ಬರೆದುಕೊಡಲು ಡಾಕ್ಟರನ್ನು ಕೇಳಿ.

ಉತ್ತರ: ಸ್ಲೀಪ್ ಲ್ಯಾಬ್ ಟೆಕ್ನಿಷಿಯನ್, ಕಲಬುರಗಿ

ಸಿಪ್ಯಾಪ್ ಬಿಡಬಾರದ್ರಿ. ಗಾಳಿ ಒತ್ತಡಕ್ಕ ಹೊಲಿಗಿ ಬಿಚ್ತದ ಅಂತ ಭಾಳ ಮಂದಿ ಮನ್ಯಾಗ ಮೂಲಿಗೆ ಇಡ್ತಾರ. ಸರ್ಜನ್ ಬ್ಯಾಡ ಅಂತ ಹೇಳಿರದಿದ್ರ ಮೊದಲಿನ ಒತ್ತಡಕ್ಕ, ಹಗಲು ನಿದ್ದಿಗೂ ಹಾಕ್ರಿ. ಅರಿವಳಿಕಿ, ನೋವಿನ ಔಷಧಿ ಆದ ಮ್ಯಾಲಿನ ರಾತ್ರಿಗಳೇ ಉಸಿರು ಕಟ್ಟಲಿಕ್ಕ ಹೆಚ್ಚು ಅಪಾಯದವು. ಹೊಟ್ಟಿ ಉಬ್ಬರಿಸಿದ್ರ ಗಾಳಿ ನುಂಗ್ಲಿಕತ್ಯಾರ ಅಂತ ಅರ್ಥ. ಮಾಸ್ಕ್ ಸೋರ್ತದೇನು, ಬಾಯಿ ತೆರೀತದೇನು ನೋಡ್ರಿ, ತಲಿ ಕಡೆ ಇನ್ನಷ್ಟು ಏರಿಸ್ರಿ. ಒತ್ತಡ ತಾವೇ ಕಮ್ಮಿ ಮಾಡಬ್ಯಾಡ್ರಿ. ಮಷಿನ್ನಿನ ಗಾಳಿ ತೇವ ಮಾಡೋ ನೀರಿನ ಡಬ್ಬಿಗೆ ಬೋರಿನ ನೀರು ಹಾಕಿದ್ರ ಸುಣ್ಣ ಕೂಡ್ತದ, ಡಿಸ್ಟಿಲ್ಡ್ ವಾಟರ್ ಹಾಕ್ರಿ. ಕರೆಂಟ್ ಹೋಗಿ ಇನ್ವರ್ಟರ್ ಮ್ಯಾಲ ನಡದಾಗ ನೀರು ಕಾಯಿಸೋದು ಬಂದ್ ಇಡ್ರಿ, ಬ್ಯಾಟರಿ ಬೆಳತನ ಬರ್ತದ. ತೂಕ ಇಳಿದಂಗ ಮಾಸ್ಕ್ ಸಡಲ ಆಗ್ತದ, ಒತ್ತಡನೂ ಮತ್ತ ನೋಡಿಸಬೇಕಾಗ್ತದ. ಗೊರಕಿ ನಿಂತ್ರೂ ಸ್ಲೀಪ್ ಟೆಸ್ಟ್ ಇನ್ನೊಮ್ಮೆ ಆಗೋ ತನಕ ಮಷಿನ್ ಮುಂದುವರಿಲಿ.

ಉತ್ತರ: ಡಯಟ್ ಅಕ್ಕ, ಯಾದಗಿರಿ

ನೀರಿನ ಲೆಕ್ಕ ಯಾರೂ ಹೇಳಿಲ್ಲ. ನಮ್ಮ ಕಡಿ ಬಿಸಿಲಿಗೆ ರಾತ್ರಿ ಬಾಯಾರಿ ಎಚ್ಚರಾಗಿ ಗಟಗಟ ಕುಡಿದ್ರ ಆ ಸಪೂರ ಜಠರ ತಡ್ಯಂಗಿಲ್ಲ, ಎದಿ ಹಿಡೀತದ, ವಾಂತಿ ಆಗ್ತದ. ಮುಂಜಾನಿ 6ರಿಂದ ರಾತ್ರಿ 8ರ ತನಕ 15 ನಿಮಿಷಕ್ಕ 30 ಮಿ.ಲೀ. ಗುಟುಕು ಗುಟುಕಾಗಿ ಕೊಟ್ರ 1,680 ಮಿ.ಲೀ. ಹೋಗ್ತದ, ರಾತ್ರಿ ದಾಹ ಕಮ್ಮಿ. ಸಿರಪ್ ಅಳತಿ ಮುಚ್ಚಳ ಇಟ್ಕೋರಿ. ಮಲಗೋಕ್ಕಿಂತ ಒಂದು ತಾಸು ಮೊದಲು ನಿಲ್ಲಿಸ್ರಿ. ನಡುರಾತ್ರಿ ಬಾಯಿ ಒಣಗಿದ್ರ ಎದ್ದು ಕೂತು ಒಂದೆರಡು ಗುಟುಕು. ಚಹಾ ಈಗ ಬ್ಯಾಡ, ಹುಳಿನೂ ಏರ್ತದ ನಿದ್ದಿನೂ ಕೆಡ್ತದ. ಮೂತ್ರ ಗಾಢ ಹಳದಿ ಬಂದ್ರ ನೀರು ಸಾಲ್ಲಿಲ್ಲ ಅಂತ ತಿಳ್ಕೋರಿ. ಕೂಲರ್ ಗಾಳಿ ನೇರ ಮಕಕ್ಕ ಬಿಡಬ್ಯಾಡ್ರಿ, ಕೆಮ್ಮು ಹತ್ತಿದ್ರ ಗಾಯ ಜಗ್ತದ.