ಭಾವ, ವಿಡಿಯೋ ಯಾಕೆ ಹಾಕಲಿಲ್ಲ ಅಂದರೆ...

ಎಲ್ಲರಿಗೂ ನಮಸ್ಕಾರ. ಟೈಪ್ ಮಾಡುವ ತಾಳ್ಮೆ ಇಲ್ಲ, ಪಾತ್ರೆ ತೊಳೆಯುತ್ತಾ ಮಾತಾಡುತ್ತಿದ್ದೇನೆ. ಮಧ್ಯೆ ನಲ್ಲಿ ಸದ್ದು ಬಂದರೆ ಅಡ್ಜಸ್ಟ್ ಮಾಡಿಕೊಳ್ಳಿ. ಸ್ವಲ್ಪ ಉದ್ದ ಆಗುತ್ತೆ. ಅಕ್ಕ, ನೀನು ತರಕಾರಿ ಹೆಚ್ಚುತ್ತಾ ಕೇಳಿದರೂ ಸಾಕು.

ನಿನ್ನೆ ಗ್ರೂಪಿನಲ್ಲಿ ಇಲ್ಲಿ ನ್ಯೂಜೆರ್ಸಿಯ ಹೈಸ್ಕೂಲ್ ಮಕ್ಕಳು ಆಡುವ ಮ್ಯೂಸಿಕಲ್‌ನ, ಅಂದರೆ ಹಾಡು ಕುಣಿತದ ನಾಟಕದ, ಟಿಕೆಟ್ ಫೋಟೋ ಹಾಕಿದ್ದೆನಲ್ಲ, ಅದಕ್ಕೆ ಭಾವ ಎರಡು ಪ್ರಶ್ನೆ ಕೇಳಿದ್ದಾರೆ. ಮಗಳು ಕಾಲೇಜು ಸೇರಿ ಎರಡು ವರ್ಷ ಆಯ್ತು, ನೀನಿನ್ನೂ ಆ ಶಾಲೆಗೆ ಯಾಕೆ ಹೋಗುತ್ತೀ ಅಂತ ಒಂದು. ಹೋದವಳು ಒಂದು ವಿಡಿಯೋ ಹಾಕಬಾರದಿತ್ತಾ ಅಂತ ಇನ್ನೊಂದು.

ಮೊದಲು ವಿಡಿಯೋ ವಿಷಯ ಮುಗಿಸಿಬಿಡುತ್ತೇನೆ. ತೆಗೆಯುವ ಹಾಗಿಲ್ಲ ಭಾವ. ಆಟ ಶುರುವಾಗುವ ಮುಂಚೆ ಮೈಕಿನಲ್ಲಿ ಹೇಳಿಯೇ ಹೇಳುತ್ತಾರೆ. ಯಾಕೆಂದರೆ ಇಲ್ಲಿ ಶಾಲೆಯವರು ಮ್ಯೂಸಿಕಲ್ ಆಡಬೇಕಾದರೆ ಅದರ ಹಕ್ಕು ಇರುವವರಿಗೆ ದುಡ್ಡು ಕಟ್ಟಿ ಲೈಸೆನ್ಸ್ ತೆಗೆದುಕೊಳ್ಳಬೇಕು. ಅದಕ್ಕೇ ಅಂತ ಕಂಪನಿಗಳಿವೆ. ಈ ಸಲದ್ದು ಎಂ.ಟಿ.ಐ., ಅಂದರೆ ಮ್ಯೂಸಿಕ್ ಥಿಯೇಟರ್ ಇಂಟರ್‌ನ್ಯಾಷನಲ್ ಅನ್ನುವವರದ್ದು, 1952ರಿಂದ ಇದೇ ಅವರ ಕೆಲಸ. ಅವರನ್ನು ಕೇಳದೆ ಒಂದು ಮಾತು ಬದಲಾಯಿಸುವಂತಿಲ್ಲ, ಒಂದು ಹಾಡು ಬಿಡುವಂತಿಲ್ಲ. ನಮ್ಮ ಯಕ್ಷಗಾನದ ಭಾಗವತರು ಹೊತ್ತಾಯಿತು ಅಂತ ನಾಲ್ಕು ಪದ್ಯ ಹಾರಿಸಿಬಿಡುತ್ತಾರಲ್ಲ, ಇಲ್ಲಿ ಅದೆಲ್ಲ ನಡೆಯುವುದಿಲ್ಲ. ಮಾತಿನ ಪುಸ್ತಕ, ಹಾಡಿನ ಪುಸ್ತಕ, ವಾದ್ಯದವರ ಪುಸ್ತಕ ಎಲ್ಲ ಬಾಡಿಗೆಗೆ ಬರುತ್ತೆ. ಮಕ್ಕಳು ಪೆನ್ಸಿಲಿನಲ್ಲಿ ಮಾತ್ರ ಗುರುತು ಹಾಕಿಕೊಳ್ಳಬೇಕು. ಆಟ ಮುಗಿದ ಮೇಲೆ ರಬ್ಬರ್ ಹಿಡಿದು ಎಲ್ಲ ಉಜ್ಜಿ ವಾಪಸ್ ಕಳಿಸಬೇಕು. ಮಗಳು ಒಂದು ವರ್ಷ ಡೈನಿಂಗ್ ಟೇಬಲ್ ಮೇಲೆ ಅದೇ ಕೆಲಸ ಮಾಡುತ್ತಾ ಕೂತಿದ್ದಳು. ‘ಇಲ್ಲಿ ಉಸಿರು ತಗೋ’ ಅಂತ ಯಾವುದೋ ಮಗು ಬರೆದುಕೊಂಡಿತ್ತು. ಅದನ್ನೂ ಅಳಿಸಿದಳು.

ಇನ್ನು ನಾಟಕ. ಈ ವರ್ಷ ‘ಫಿಡ್ಲರ್ ಆನ್ ದ ರೂಫ್’. ಬ್ರಾಡ್‌ವೇಗೆ, ಅಂದರೆ ನ್ಯೂಯಾರ್ಕಿನ ದೊಡ್ಡ ಥಿಯೇಟರುಗಳಿಗೆ, ಬಂದದ್ದು 1964ರಲ್ಲಿ. ಅಕ್ಕ, ಕಥೆ ನಿನಗೆ ಇಷ್ಟ ಆಗುತ್ತೆ. 1905ರ ರಷ್ಯಾ. ಅನಾತೆವ್ಕ ಅಂತ ಯಹೂದಿಗಳ ಒಂದು ಹಳ್ಳಿ. ಟೆವ್ಯೆ ಅಂತ ಹಾಲು ಮಾರುವ ಬಡವ, ಅವನಿಗೆ ಐದು ಜನ ಹೆಣ್ಣುಮಕ್ಕಳು. ಮದುವೆ ದಲ್ಲಾಳಿ ಹೆಂಗಸೊಬ್ಬಳು ದೊಡ್ಡವಳಿಗೆ ಹಣವಂತ ಕಟುಕನ ಸಂಬಂಧ ತರುತ್ತಾಳೆ. ಹುಡುಗಿಗೋ ಬಡ ದರ್ಜಿಯೇ ಬೇಕು. ಎರಡನೆಯವಳು ಕ್ರಾಂತಿ ಅಂತ ಓಡಾಡುವವನ ಹಿಂದೆ. ಅಲ್ಲಿಯವರೆಗೆ ಅಪ್ಪ ಗೊಣಗುತ್ತಾ ಒಪ್ಪುತ್ತಾನೆ. ಮೂರನೆಯವಳು ಬೇರೆ ಧರ್ಮದವನನ್ನು ಕಟ್ಟಿಕೊಂಡಾಗ ಮಾತ್ರ ಆಗುವುದಿಲ್ಲ, ಮುಖ ತಿರುಗಿಸಿಬಿಡುತ್ತಾನೆ. ನಮ್ಮ ಮನೆಯಲ್ಲೂ ಇಂಥದ್ದು ನಡೆದಿದೆ, ಗ್ರೂಪಿನಲ್ಲಿ ಹೆಸರು ಬೇಡ. ಕೊನೆಗೆ ಸರ್ಕಾರದ ಆಜ್ಞೆ ಬಂದು ಇಡೀ ಊರೇ ಗಂಟುಮೂಟೆ ಕಟ್ಟುತ್ತೆ.

ಟೆವ್ಯೆ ಆಗಿದ್ದವನು ಹದಿನೇಳರ ಹುಡುಗ. ಅಂಟಿಸಿದ ಗಡ್ಡ, ಹೊಟ್ಟೆಗೆ ದಿಂಬು. ಸಾಹುಕಾರ ಆಗಿದ್ದರೆ ಏನೇನು ಮಾಡುತ್ತಿದ್ದೆ ಅಂತ ಅವನದ್ದೊಂದು ದೊಡ್ಡ ಹಾಡಿದೆ. ಆ ಹಾಡಿನ ನಡುವೆ ಅವನ ಮೈಕ್ ಸತ್ತುಹೋಯಿತು! ಕೆನ್ನೆಗೆ ಟೇಪ್ ಹಾಕಿ ಅಂಟಿಸಿರುತ್ತಾರಲ್ಲ, ಆ ಮೈಕ್. ನನಗೆ ಇಲ್ಲಿ ಕೂತಲ್ಲೇ ಎದೆ ಹೊಡೆದುಕೊಂಡಿತು. ಹುಡುಗ ನಿಲ್ಲಿಸಲಿಲ್ಲ. ಎರಡು ಹೆಜ್ಜೆ ಮುಂದೆ ಬಂದ, ಅಷ್ಟೆ. ಇಲ್ಲಿ ವಾದ್ಯದವರು ರಂಗದ ಮೇಲಿರುವುದಿಲ್ಲ ಭಾವ, ಮುಂದುಗಡೆ ತಗ್ಗಿನಲ್ಲಿ ಕೂತಿರುತ್ತಾರೆ, ಪಿಟ್ ಅನ್ನುತ್ತಾರೆ. ಅವರೂ ಹೆಚ್ಚಿನವರು ಶಾಲೆಯ ಮಕ್ಕಳೇ. ಸಂಗೀತದ ಟೀಚರ್ ಅಂಗೈ ಕೆಳಗೆ ಮಾಡಿ ತೋರಿಸಿದರು. ಕ್ಲಾರಿನೆಟ್, ಟ್ರಂಪೆಟ್, ಪಿಟೀಲು ಎಲ್ಲ ಒಂದೇ ಸಲ ತಗ್ಗಿದವು. ನಾವು ಐನೂರು ಜನ ಕೆಮ್ಮುವುದನ್ನೂ ಬಿಟ್ಟು ಕೂತೆವು. ಆ ಹುಡುಗನ ಬರಿ ಗಂಟಲು, ಅದೂ ಒಡೆಯುತ್ತಿರುವ ಗಂಟಲು, ಹಿಂದಿನ ಸಾಲಿನವರೆಗೂ ಕೇಳಿಸಿತು. ರೈಲು ಹತ್ತಿದರೆ ಒಂದು ಗಂಟೆಗೆ ಬ್ರಾಡ್‌ವೇ. ಅಲ್ಲಿ ನೂರು ಡಾಲರ್ ಮೇಲೆ ಕೊಟ್ಟು ನೋಡಿದ್ದೇನೆ. ಚೆನ್ನಾಗಿರುತ್ತೆ, ಇಲ್ಲ ಅನ್ನುವುದಿಲ್ಲ. ಆದರೆ ಅಲ್ಲಿ ಯಾರಿಗಾಗಿಯೂ ನಾನು ಉಸಿರು ಬಿಗಿಹಿಡಿದಿಲ್ಲ.

ಹಾಂ, ಮದುವೆ ಮನೆಯಲ್ಲಿ ಗಂಡಸರು ಟೋಪಿ ಮೇಲೆ ಬಾಟಲಿ ಇಟ್ಟುಕೊಂಡು ಕುಣಿಯುವ ದೃಶ್ಯ ಇದೆ. ಒಬ್ಬನ ಬಾಟಲಿ ಬಿತ್ತು. ಪ್ಲಾಸ್ಟಿಕ್ಕಿನದ್ದು, ಉರುಳಿಕೊಂಡು ಹೋಯಿತು. ಅವನು ಅದನ್ನು ಎತ್ತಿ ಕುಡಿದವನ ಹಾಗೆ ನಟಿಸಿದ. ಜನ ಚಪ್ಪಾಳೆಯೋ ಚಪ್ಪಾಳೆ.

ಈಗ ಭಾವನ ಮೊದಲ ಪ್ರಶ್ನೆ. ಇದಕ್ಕೆ ಮಗಳ ಕಥೆಯನ್ನೇ ಹೇಳಬೇಕು.

ಅವಳು ಒಂಬತ್ತನೇ ಕ್ಲಾಸಿನಲ್ಲಿ ‘ಅಮ್ಮ, ನಾನು ಮ್ಯೂಸಿಕಲ್‌ನಲ್ಲಿ ಇದ್ದೇನೆ’ ಅಂದಳು. ನಾನು ಹೂವಿನ ಗೊಂಚಲು ಹಿಡಿದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂತೆ. ಎರಡೂವರೆ ಗಂಟೆ ಕಣ್ಣು ಕಣ್ಣು ಬಿಟ್ಟು ಹುಡುಕಿದೆ. ಇವಳು ಎಲ್ಲೂ ಇಲ್ಲ! ಮುಗಿದ ಮೇಲೆ ಕಪ್ಪು ಪ್ಯಾಂಟು, ಕಪ್ಪು ಶರ್ಟು, ಕಿವಿಗೆ ಹೆಡ್‌ಸೆಟ್ ಹಾಕಿಕೊಂಡು ಬಂದಳು. ‘ನೀನು ಎಲ್ಲಿದ್ದೆ?’ ಅಂದರೆ, ‘ಕಾಣಿಸಲಿಲ್ವಾ? ಹಾಗಾದರೆ ಸರಿಯಾಗಿ ಮಾಡಿದ್ದೇನೆ’ ಅಂದಳು. ಸ್ಟೇಜ್ ಕ್ರೂ ಅಂತ. ದೀಪ ಆರಿದಾಗ ಬಂದು ಮೇಜು, ಕುರ್ಚಿ, ಗೋಡೆ ಜರುಗಿಸಿ ದೀಪ ಬರುವಷ್ಟರಲ್ಲಿ ಮಾಯ ಆಗುವವರು. ನನಗೆ ನಿಜ ಹೇಳಬೇಕೆಂದರೆ ಬೇಜಾರಾಯಿತು. ಇಷ್ಟು ವರ್ಷ ಭರತನಾಟ್ಯ ಕಲಿಸಿದ್ದು ಕುರ್ಚಿ ಹೊರುವುದಕ್ಕಾ ಅಂತ ಅಂದೂಬಿಟ್ಟೆ. ಅನ್ನಬಾರದಿತ್ತು.

ಮುಂದಿನ ಮೂರು ವರ್ಷವೂ ಅವಳು ಅದನ್ನೇ ಮಾಡಿದಳು. ನೆಲದ ಮೇಲೆ ಕತ್ತಲಲ್ಲಿ ಹೊಳೆಯುವ ಟೇಪ್ ಅಂಟಿಸಿರುತ್ತಾರಂತೆ, ಅದನ್ನು ನೋಡಿಕೊಂಡೇ ಮಂಚ ಎಲ್ಲಿ ನಿಲ್ಲಬೇಕು ಅಂತ ಗೊತ್ತಾಗುವುದು. ಡಿಸೆಂಬರ್ ಹೊತ್ತಿಗೆ ಪಾತ್ರ ಆರಿಸುತ್ತಾರೆ, ಮಾರ್ಚಿನಲ್ಲಿ ಆಟ. ಕೊನೆಯ ವಾರಕ್ಕೆ ಟೆಕ್ ವೀಕ್ ಅನ್ನುತ್ತಾರೆ. ಲೈಟು, ಮೈಕು, ಸೆಟ್ಟು ಎಲ್ಲ ಕೂಡಿಸುವ ವಾರ. ಮಕ್ಕಳು ಮನೆಗೆ ಬರುವುದು ರಾತ್ರಿ ಒಂಬತ್ತೋ ಹತ್ತೋ. ನಾವು ಅಮ್ಮಂದಿರು ಸರದಿ ಪ್ರಕಾರ ಊಟ ಒಯ್ಯುತ್ತಿದ್ದೆವು. ನಾನು ನಿಂಬೆಹಣ್ಣಿನ ಚಿತ್ರಾನ್ನ ಒಯ್ದ ದಿನ ಪಾತ್ರೆ ತೊಳೆದಿಟ್ಟ ಹಾಗೆ ಖಾಲಿ ಆಗಿತ್ತು. ಆ ಹೆಮ್ಮೆ ನನಗೆ ಇವತ್ತಿಗೂ ಇದೆ.

ಅಲ್ಲಿಂದ ನನ್ನ ಕಣ್ಣು ಕೆಟ್ಟುಹೋಯಿತು ಭಾವ. ಎಲ್ಲರೂ ಬೆಳಕು ನೋಡಿದರೆ ನಾನು ಕತ್ತಲು ನೋಡುತ್ತೇನೆ. ನಿನ್ನೆ ಟೆವ್ಯೆ ಕನಸಿನ ದೃಶ್ಯಕ್ಕೆ ದೊಡ್ಡ ಮಂಚ ಬರಬೇಕಿತ್ತು. ಕತ್ತಲಲ್ಲಿ ನಾಲ್ಕು ನೆರಳು ಅದನ್ನು ತಳ್ಳಿಕೊಂಡು ಬಂದವು. ಒಂದು ಚಕ್ರ ಸಿಕ್ಕಿಕೊಂಡಿತು. ಗಿಡ್ಡ ಹುಡುಗಿಯೊಬ್ಬಳು ಬಗ್ಗಿ ಭುಜ ಕೊಟ್ಟು ಎತ್ತಿದಳು. ದೀಪ ಬಂದಾಗ ಮಂಚ ಅದರ ಜಾಗದಲ್ಲಿತ್ತು, ಹುಡುಗಿ ಇರಲಿಲ್ಲ. ನಾನೊಬ್ಬಳೇ ಕೈ ತಟ್ಟಿದೆ. ಪಕ್ಕದವರು ತಿರುಗಿ ನೋಡಿದರು, ನೋಡಲಿ ಬಿಡಿ. ಅವಳ ಹೆಸರೂ ನನಗೆ ಗೊತ್ತಿಲ್ಲ. ಇಂಥದ್ದು ನೋಡುವುದಕ್ಕೇ ನಾನು ಹೋಗುವುದು. ಮಗಳ ಶಾಲೆ ಅಂತೇನೂ ಅಲ್ಲ, ಪಕ್ಕದೂರಿನದ್ದಕ್ಕೂ ಹೋಗುತ್ತೇನೆ. ಟಿಕೆಟ್ ಹದಿನೈದು ಡಾಲರ್, ಹೊರಗೆ ಕುಕೀ ಎರಡು ಡಾಲರ್.

ಈ ಶಾಲೆಯ ಮ್ಯೂಸಿಕಲ್‌ಗಳಿಗೆ ಅಂತಲೇ ಪ್ರಶಸ್ತಿಗಳೂ ಇವೆ. ನಮ್ಮ ನ್ಯೂಜೆರ್ಸಿಯಲ್ಲಿ ಪೇಪರ್ ಮಿಲ್ ಪ್ಲೇಹೌಸ್ ಅನ್ನುವ ಥಿಯೇಟರಿನವರು ಕೊಡುತ್ತಾರೆ. ಇಡೀ ದೇಶಕ್ಕೆ ಜಿಮ್ಮಿ ಅವಾರ್ಡ್ಸ್ ಅಂತ 2009ರಲ್ಲಿ ಶುರುವಾಗಿದೆ. ನನಗೆ ಈ ಸ್ಪರ್ಧೆಗಳ ಮೇಲೆ ಅಷ್ಟಕ್ಕಷ್ಟೆ.

ಭಾವ, ನಿಮಗೆ ಇದು ಹೊಸದೇನಲ್ಲ ಅಲ್ವಾ. ಉಡುಪಿಯಲ್ಲಿ ಹೈಸ್ಕೂಲ್ ಮಕ್ಕಳ ಕಿಶೋರ ಯಕ್ಷಗಾನ ಆಗುವಾಗ ಕೃಷ್ಣ ಮಠದ ರಾಜಾಂಗಣಕ್ಕೆ ನೀವು ತಪ್ಪದೆ ಹೋಗುತ್ತೀರಲ್ಲ. ಅಲ್ಲಿ ನಿಮ್ಮ ಯಾವ ಮೊಮ್ಮಗು ಕುಣಿಯುತ್ತೆ? ಮುಂದಿನ ಸಲ ಸ್ವಲ್ಪ ವೇಷ ಕಟ್ಟುವ ಚೌಕಿ ಕಡೆ ಹೋಗಿ, ಗೆಜ್ಜೆ ಕಟ್ಟಿಕೊಂಡು ಸರದಿಗೆ ಕಾಯುವ ಮಕ್ಕಳ ಮುಖ ನೋಡಿ ಬಂದು ನನಗೆ ಹೇಳಿ.

ಇವತ್ತು ಕೊನೆಯ ಆಟ. ಮುಗಿದ ತಕ್ಷಣ ಸೆಟ್ ಒಡೆಯುತ್ತಾರೆ, ಸ್ಟ್ರೈಕ್ ಅನ್ನುತ್ತಾರೆ. ಮೂರು ತಿಂಗಳು ಕಟ್ಟಿದ್ದು ಎರಡು ಗಂಟೆಯಲ್ಲಿ ಬರಿ ಹಲಗೆ. ಅದಕ್ಕೆ ಕೈ ಸೇರಿಸಲು ಹಳೆಯ ಅಮ್ಮಂದಿರನ್ನೂ ಕರೆದಿದ್ದಾರೆ. ಸ್ಕ್ರೂಡ್ರೈವರ್ ಹುಡುಕುತ್ತಿದ್ದೇನೆ, ನಿಮ್ಮ ತಮ್ಮ ಎಲ್ಲಿಟ್ಟಿದ್ದಾರೋ ಏನೋ. ಅಕ್ಕ, ಮುಂದಿನ ವರ್ಷ ನೀವು ಮಾರ್ಚಿಗೇ ಇಲ್ಲಿಗೆ ಬರುವ ಹಾಗೆ ವಿಮಾನದ ಟಿಕೆಟ್ ಮಾಡಿಸಿ. ಶಾಲು ತನ್ನಿ, ಆ ಹಾಲ್ ಒಳಗೆ ಚಳಿ ಜಾಸ್ತಿ. ಇಡುತ್ತೇನೆ, ಕೈಯೆಲ್ಲ ಸೋಪು.