ಅಪ್‌ಡೇಟ್: ಶೋಲ್ಟಿಯ 'ರಿಂಗ್'ಗೆ ಬೇರೆ ಪುಟ ಸಿಕ್ಕಿತಾ?

ಜರ್ಮನ್ ಸಂಗೀತಗಾರ ವಾಗ್ನರ್‌ನ 'ರಿಂಗ್' ಸರಣಿಯ ನಾಲ್ಕು ಅಪೆರಾಗಳನ್ನು (ಹಾಡುಗಳಲ್ಲೇ ನಡೆಯುವ ನಾಟಕ) ವಾದ್ಯವೃಂದದ ನಿರ್ದೇಶಕ ಜಾರ್ಜ್ ಶೋಲ್ಟಿ 1958ರಿಂದ 1965ರವರೆಗೆ ವಿಯೆನ್ನಾದಲ್ಲಿ ಡೆಕ್ಕಾ ರೆಕಾರ್ಡ್ ಕಂಪನಿಗಾಗಿ ಧ್ವನಿಮುದ್ರಿಸಿದರಲ್ಲ, ಆ ಧ್ವನಿಮುದ್ರಣಕ್ಕೆ ವಿಕಿಪೀಡಿಯದಲ್ಲಿ ಪ್ರತ್ಯೇಕ ಲೇಖನ ಬೇಕಾ ಅಂತ ಕೇಳಿದ್ದೆ. ಬರೆದಾಯಿತು, ಪುಟ ಉಳಿದಿದೆ.

ಕೆಲಸಕ್ಕೆ ಬಂದದ್ದು "ಕಂಪನಿಗೆ ಸಂಬಂಧವಿಲ್ಲದವರು ಇದರ ಬಗ್ಗೆ ವಿವರವಾಗಿ ಏನಾದರೂ ಮಾಡಿದ್ದಾರಾ ನೋಡಿ" ಎಂದ ಸಲಹೆ. ಮಾಡಿದ್ದಾರೆ! ಸರಣಿಯ ಕಥೆಯಲ್ಲಿ ಕೊನೆಯದಾದ 'ಗೊಟರ್‌ಡ್ಯಾಮರುಂಗ್' ಅಪೆರಾದ ಧ್ವನಿಮುದ್ರಣದ ಮೇಲೆ ಬಿಬಿಸಿ 1965ರಲ್ಲಿ ಒಂದು ಸಾಕ್ಷ್ಯಚಿತ್ರವನ್ನೇ ತೋರಿಸಿತ್ತು, ಜೊತೆಗೆ ಪತ್ರಿಕೆಗಳ ವಿಮರ್ಶೆಗಳು ಬೇಕಾದಷ್ಟಿವೆ. ಯೂಟ್ಯೂಬ್ ವೀಕ್ಷಣೆ, ಅಂಗಡಿ ಸೈಟಿನ ಸ್ಟಾರ್‌ಗಳು ಯಾವುದಕ್ಕೂ ಬರಲಿಲ್ಲ. ಹಾಡಿದವರೆಲ್ಲ ದೊಡ್ಡವರು ಅನ್ನೋ ವಾದವೂ ಅಷ್ಟೇ, ಗಾಯಕಿ ಬಿರ್ಗಿಟ್ ನಿಲ್ಸನ್ ಹಾಡಿದ ಪ್ರತಿ ಡಿಸ್ಕಿಗೂ ಪುಟ ಮಾಡೋಕಾಗುತ್ತಾ?

ಆಶ್ಚರ್ಯವಾಗಿದ್ದು ಜಾನ್ ಕಲ್ಶಾ ಪುಸ್ತಕದ ವಿಷಯ. ಇದರ ಬಗ್ಗೆ ಇಡೀ ಪುಸ್ತಕವಿದೆ, ಇನ್ನೇನು ಬೇಕು ಅಂತ ಒಬ್ಬರು ಹೇಳಿದ್ದರು. ಆದರೆ ಕಲ್ಶಾ ಅವರೇ ಈ ಧ್ವನಿಮುದ್ರಣದ ನಿರ್ಮಾಪಕರು, ಹಾಗಾಗಿ ವಿವರಕ್ಕೆ ಬಳಸಬಹುದು, ಮಹತ್ವಕ್ಕೆ ಸಾಕ್ಷಿಯಾಗಿ ನಡೆಯಲ್ಲ.

ಅಂದ ಹಾಗೆ ಧ್ವನಿಮುದ್ರಣ ನಡೆದ ವಿಯೆನ್ನಾದ ಸಭಾಂಗಣ ಸೋಫಿಯೆನ್‌ಸಾಲ್ ಮೊದಲು ಉಗಿ ಸ್ನಾನದ ಮನೆಯಂತೆ! ಅದನ್ನೂ ಒಂದು ಸಾಲು ಸೇರಿಸಿದ್ದೇನೆ. ನನ್ನ ಪಟ್ಟಿಯಲ್ಲಿದ್ದ ಇನ್ನೊಂದು ಡಿಸ್ಕಿಗೆ ಬರೀ ಕಲಾವಿದರ ಹೆಸರುಗಳಷ್ಟೇ ಸಿಕ್ಕವು, ಅದನ್ನು ಸುಮ್ನೆ ಅಪೆರಾದ ಪುಟದಲ್ಲೇ ಒಂದು ಸಾಲಾಗಿ ಹಾಕಿದೆ.