ಶೇ 98 ಶುದ್ಧ ಎಂದಿದ್ದ ಪೆಪ್ಟೈಡ್ ಒಂದೇ ತಿಂಗಳಲ್ಲಿ ಸೊರಗಿದ್ದೇಕೆ?

ಪ್ರಶ್ನೆ – ಸಂಶೋಧನಾ ವಿದ್ಯಾರ್ಥಿನಿ, ತುಮಕೂರು

ಬ್ಯಾಕ್ಟೀರಿಯಾ ನಿರೋಧಕ ಪೆಪ್ಟೈಡ್ (ಅಮೈನೊ ಆಮ್ಲಗಳ ಕಿರುಸರಪಳಿ) ಒಂದನ್ನು ತರಿಸಿದ್ದೆ. 5 ಮಿಲಿಗ್ರಾಂ ಪುಡಿ, ಪ್ರಮಾಣಪತ್ರದಲ್ಲಿ ಶುದ್ಧತೆ ಶೇ 98. ಮಾರ್ಚ್‌ನಲ್ಲಿ ಮಿಲಿಲೀಟರಿಗೆ 8 ಮೈಕ್ರೋಗ್ರಾಂ ಹಾಕಿದರೆ ಇ. ಕೋಲೈ ಬೆಳೆಯುತ್ತಿರಲಿಲ್ಲ. ಏಪ್ರಿಲ್‌ನಲ್ಲಿ ಅದೇ ಸೀಸೆಯ ಪುಡಿ 32 ಬೇಕಾಯಿತು. ಫ್ರೀಜರಿನಿಂದ ತೆಗೆದ ಕೂಡಲೇ ತೂಗುತ್ತೇನೆ, ಒಂದು ನಿಮಿಷವೂ ತಡಮಾಡುವುದಿಲ್ಲ. ಮಾರ್ಗದರ್ಶಕರು ನನ್ನ ಕೈಗುಣವನ್ನು ದೂರುತ್ತಿದ್ದಾರೆ, ನಾನು ಮಾರಾಟಗಾರರನ್ನು. ಯಾರು ಸರಿ?

ಉತ್ತರ – ಪ್ರಯೋಗಾಲಯ ಸಹಾಯಕ, ಕೋಲಾರ

ತಡಮಾಡದಿರುವುದೇ ತಪ್ಪು, ತಂಗಿ. ತಣ್ಣನೆಯ ಸೀಸೆಯನ್ನು ತೆರೆದರೆ ಗಾಳಿಯ ತೇವ ಒಳಗೆ ಹನಿಗಟ್ಟುತ್ತದೆ, ಪುಡಿ ಅದನ್ನು ಹೀರಿಕೊಳ್ಳುತ್ತದೆ. ಆಮೇಲೆ ನೀವು ತೂಗುವುದು ನೀರನ್ನೂ ಸೇರಿಸಿ. ಸೀಸೆಯನ್ನು ಮುಚ್ಚಿದಂತೆಯೇ ಸಿಲಿಕಾ ಜೆಲ್ ಡಬ್ಬಿಯಲ್ಲಿಟ್ಟು, ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿಂದು ಬನ್ನಿ. ಅಷ್ಟರಲ್ಲಿ ಅದು ಕೋಣೆಯ ಬಿಸಿಗೆ ಬಂದಿರುತ್ತದೆ. ಒಮ್ಮೆ ಕರಗಿಸಿದ ಮೇಲೆ ಸಣ್ಣ ಸಣ್ಣ ಪಾಲು ಮಾಡಿ ಫ್ರೀಜರಿನಲ್ಲಿಡಿ. ಒಂದು ಪಾಲು ಒಂದು ದಿನಕ್ಕೆ, ಉಳಿದದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. ತಾನಾಗಿ ಮಂಜು ಕರಗಿಸಿಕೊಳ್ಳುವ ಫ್ರೀಜರ್ ಬೇಡವೇ ಬೇಡ, ಅದು ಆಗಾಗ ಬಿಸಿಯಾಗುತ್ತದೆ.

ಇನ್ನು ಆ 98. ಶುದ್ಧತೆ ಅಳೆಯುವ ವಿಧಾನವಾದ ಎಚ್‌ಪಿಎಲ್‌ಸಿ ಲೆಕ್ಕ ಹಾಕುವುದು ಪೆಪ್ಟೈಡ್ ಬಗೆಯ ವಸ್ತುಗಳನ್ನು ಮಾತ್ರ, ಉಪ್ಪು ಮತ್ತು ನೀರನ್ನಲ್ಲ. ನಿಮ್ಮದರಲ್ಲಿ 6 ಲೈಸಿನ್ (ಧನಾವೇಶದ ಅಮೈನೊ ಆಮ್ಲ) ಇದ್ದರೆ, ತುದಿಯ ಅಮೈನೂ ಸೇರಿ 7 ಟಿಎಫ್ಎ (ಶುದ್ಧೀಕರಣದಲ್ಲಿ ಬಳಸುವ ಟ್ರೈಫ್ಲೋರೋಅಸಿಟಿಕ್ ಆಮ್ಲ) ಉಪ್ಪಿನ ರೂಪದಲ್ಲಿ ಅಂಟಿಕೊಂಡಿರುತ್ತವೆ. ಒಂದೊಂದೂ 114 ಡಾಲ್ಟನ್ (ಅಣುತೂಕದ ಮಾನ), ಒಟ್ಟು 798. ಪೆಪ್ಟೈಡ್ 2,400 ಡಾಲ್ಟನ್ ಎಂದಿಟ್ಟುಕೊಂಡರೆ ಪುಡಿಯ ಕಾಲುಭಾಗ ಬರೀ ಉಪ್ಪು. ಇದು ಮೋಸವಲ್ಲ. ನಿವ್ವಳ ಪೆಪ್ಟೈಡ್ ಅಂಶ ಎಷ್ಟೆಂದು ಬೇರೆಯಾಗಿಯೇ ಕೇಳಬೇಕು. ಆದರೆ ಉಪ್ಪು ಮಾರ್ಚ್‌ನಲ್ಲೂ ಇತ್ತು, ನಾಲ್ಕು ಪಟ್ಟು ಏರಿಕೆಗೆ ತೇವವೊಂದೇ ಸಾಲದು. ಬೇರೇನೋ ಇದೆ.

ಉತ್ತರ – ಚಿಕ್ಕಬಳ್ಳಾಪುರದಿಂದ

ತಟ್ಟೆ ಬದಲಾಯಿಸಿದಿರಾ? ಇಡ್ಲಿಯದ್ದಲ್ಲ, ಪರೀಕ್ಷೆ ಮಾಡುವ 96 ಗುಳಿಗಳ ಪ್ಲಾಸ್ಟಿಕ್ ತಟ್ಟೆ. ಧನಾವೇಶದ ಪೆಪ್ಟೈಡ್‌ಗಳು ಪಾಲಿಸ್ಟೈರೀನ್‌ಗೆ ಅಂಟಿಕೊಂಡುಬಿಡುತ್ತವೆ, ಪಾಲಿಪ್ರೊಪಿಲೀನ್ ಬಳಸಿ. ಮೆಥಿಯೋನಿನ್ ಎಂಬ ಅಮೈನೊ ಆಮ್ಲ ಇದ್ದರೆ, ಅಣುತೂಕ ತೋರಿಸುವ ಮಾಸ್ ಸ್ಪೆಕ್ಟ್ರಮ್ ಕೂಡ ಮಾಡಿಸಿ. 16 ಡಾಲ್ಟನ್ ಹೆಚ್ಚು ಕಂಡರೆ ಆಮ್ಲಜನಕ ಸೇರಿದೆ ಎಂದರ್ಥ.

ಪ್ರಶ್ನೆ ಕೇಳಿದವರಿಂದ

ಹೌದು, ಏಪ್ರಿಲ್‌ನಲ್ಲಿ ಹಳೆಯ ತಟ್ಟೆಗಳು ಮುಗಿದು ಪಾಲಿಸ್ಟೈರೀನ್ ಬಂದಿತ್ತು! ಪಕ್ಕದ ವಿಭಾಗದಿಂದ ಪಾಲಿಪ್ರೊಪಿಲೀನ್ ತಟ್ಟೆ ಕಡ ತಂದು ನೋಡಿದೆ: 16. ಈ ಪರೀಕ್ಷೆಯಲ್ಲಿ ಗುಳಿಯಿಂದ ಗುಳಿಗೆ ಪ್ರಮಾಣ ಇಮ್ಮಡಿಯಾಗುತ್ತದೆ, ಹಾಗಾಗಿ 8 ಮತ್ತು 16ರಂತೆ ಒಂದು ಗುಳಿಯ ಹಿಂದುಮುಂದನ್ನು ವ್ಯತ್ಯಾಸವೆಂದು ಹಿಡಿಯುವುದಿಲ್ಲ. ಆದರೂ ಮೆಥಿಯೋನಿನ್ ಒಂದಿದೆ, ಸೋಮವಾರ ಮಾದರಿಯನ್ನು ಬೆಂಗಳೂರಿಗೆ ಕಳಿಸುತ್ತಿದ್ದೇನೆ.